ಮಣೆ ಉಳಿಯಿತು, ಆಟ ಎಲ್ಲಿ?

ಐಹೊಳೆ, ಪಟ್ಟದಕಲ್ಲುಗಳ ಗುಡಿಗಳಿಗೆ ಹೋದವರು ಗೋಡೆಯ ಶಿಲ್ಪಗಳನ್ನು ನೋಡುತ್ತಾರೆ. ಕಾಲ ಕೆಳಗಿನ ಚಪ್ಪಡಿಗಳನ್ನು ನೋಡುವವರು ಕಡಿಮೆ. ತುಸು ಬಗ್ಗಿ ನೋಡಿದರೆ ಅಲ್ಲಲ್ಲಿ ಕೊರೆದ ಗೀಟುಗಳೂ ಸಣ್ಣ ಗುಳಿಗಳೂ ಕಾಣುತ್ತವೆ. ಹುಲಿ-ಕುರಿ, ಚೌಕಾಬಾರದಂಥ ಆಟಗಳ ಮಣೆಗಳು ಅವು. ಹಂಪಿಯ ಮಂಟಪಗಳಲ್ಲಂತೂ ಇಂಥವು ಹೇರಳ. ಮಳೆ, ಬಿಸಿಲು, ಲಕ್ಷಾಂತರ ಪಾದಗಳನ್ನು ತಡೆದುಕೊಂಡು ಮಣೆ ಉಳಿದಿದೆ. ಆದರೆ ಅದರ ಮೇಲೆ ಒಂದು ಮಧ್ಯಾಹ್ನ ಹುಲಿ ಯಾವ ಮನೆಯಲ್ಲಿ ನಿಂತಿತ್ತು, ಎಷ್ಟು ಕುರಿ ಸತ್ತಿದ್ದವು, ಮುಂದಿನ ನಡೆ ಯಾರದಿತ್ತು? ಅದನ್ನು ಕಲ್ಲು ಹೇಳುವುದಿಲ್ಲ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಈ ವಿಷಯದಲ್ಲಿ ಜಾಣರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಚದುರಂಗದ ಕುದುರೆ 64 ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಬರುವ ದಾರಿಗಳನ್ನು ಅವರು ರಚಿಸಿ ದಾಖಲಿಸಿದರು. ಹೀಗೆ ನಡೆಯಿಂದ ನಡೆಗೆ ದಾಖಲಾದುದರಿಂದ ಆ ದಾರಿಯಲ್ಲಿ ಇಂದೂ ಕುದುರೆ ನಡೆಸಬಹುದು.

ಈ ಹಳೆಯ ಮಾತು ಈಗೇಕೆಂದರೆ, ಆಟದ ಮಣೆ ಗಣಕಯಂತ್ರದ ಪರದೆಗೆ ಬಂದಿದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಒಬ್ಬ ಸೂತ್ರಧಾರ ಕಥೆ ನಡೆಸುತ್ತಾನೆ, ಉಳಿದವರು ತಮ್ಮ ತಮ್ಮ ಪಾತ್ರಗಳಾಗಿ ಅದರೊಳಗೆ ಇಳಿಯುತ್ತಾರೆ, ಗಂಡಾಂತರ ಬಂದಾಗ ದಾಳ ಉರುಳಿಸುತ್ತಾರೆ. ನಮ್ಮ ಬಯಲಾಟಕ್ಕೂ ಪಗಡೆಗೂ ಹುಟ್ಟಿದ ಕೂಸು ಎನ್ನಬಹುದೇನೋ! ಒಂದು ಕಥೆ ವಾರಕ್ಕೊಮ್ಮೆಯಂತೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಅದಕ್ಕೆ ‘ಕ್ಯಾಂಪೇನ್’ ಎನ್ನುತ್ತಾರೆ. ಬೇರೆ ಬೇರೆ ಊರಿನಲ್ಲಿದ್ದವರು ಒಟ್ಟಿಗೆ ಆಡಲು ಇರುವ ತಂತ್ರಾಂಶವೇ ‘ವರ್ಚುವಲ್ ಟೇಬಲ್‌ಟಾಪ್’. 2012ರಲ್ಲಿ ಬಂದ ‘ರೋಲ್20’, 2020ರಲ್ಲಿ ಬಂದ ‘ಫೌಂಡ್ರಿ’ ಇಂಥವು.

ಇಳಕಲ್ಲಿನ ಒಬ್ಬ, ಹುನಗುಂದದ ಇಬ್ಬರು, ಬಾಗಲಕೋಟೆಯಿಂದ ಬೆಂಗಳೂರಿಗೆ ನೌಕರಿಗೆ ಹೋದ ಮತ್ತೊಬ್ಬ ಸೇರಿದ ಒಂದು ತಂಡವನ್ನು ಊಹಿಸಿಕೊಳ್ಳಿ. ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಹಿಡಿದ 642ರ ಸುಮಾರು ಅವರ ಕಥೆಯ ಕಾಲ. ಬಾದಾಮಿಯ ಅಗಸ್ತ್ಯತೀರ್ಥ, ಬಂಡೆಯ ಸಂದು, ಕೋಟೆಯ ಮೆಟ್ಟಿಲು ಎಲ್ಲದರ ನಕ್ಷೆಯನ್ನೂ ಸೂತ್ರಧಾರನೇ ಬಿಡಿಸಿದ್ದಾನೆ. ಕಾವಲುಗಾರನ ಹೆಸರು, ಅವನು ಬಚ್ಚಿಟ್ಟ ಗುಟ್ಟು, ಕಳೆದ ಭಾನುವಾರ ಯಾರಿಗೆ ಗಾಯವಾಯಿತು, ಎಲ್ಲವೂ ಗಣಕದಲ್ಲಿದೆ. ಒಂದು ದಿನ ಆ ಗಣಕದ ಡಿಸ್ಕ್ ಕೆಟ್ಟಿತೆನ್ನಿ. ತಂತ್ರಾಂಶವನ್ನು ಅರ್ಧ ಗಂಟೆಯಲ್ಲಿ ಮತ್ತೆ ಇಳಿಸಿಕೊಳ್ಳಬಹುದು. ಐಹೊಳೆಯ ಚಪ್ಪಡಿಯಂತೆ ಮಣೆ ಸಿಕ್ಕಿತು. ಎರಡು ವರ್ಷದ ಕಥೆಯೋ?

ಆದ್ದರಿಂದ ಯಾವುದು ಮಣೆ, ಯಾವುದು ಆಟ ಎಂದು ಮೊದಲು ಬೇರ್ಪಡಿಸಿಕೊಳ್ಳಬೇಕು. ಫೌಂಡ್ರಿಯ ‘ಡೇಟಾ’ ಫೋಲ್ಡರಿನಲ್ಲಿ ಮೂರು ಮನೆಗಳಿವೆ: ವರ್ಲ್ಡ್ಸ್, ಸಿಸ್ಟಮ್ಸ್, ಮಾಡ್ಯೂಲ್ಸ್. ಕೊನೆಯ ಎರಡು ಸಾಮಾನ್ಯವಾಗಿ ಅಂತರಜಾಲದಿಂದ ಬಂದವು, ಮತ್ತೆ ಬರುತ್ತವೆ. ‘ವರ್ಲ್ಡ್ಸ್’ನಲ್ಲಿರುವುದು ಮಾತ್ರ ಆಡುವವರ ಸ್ವಂತದ್ದು. ಸ್ವತಃ ಬಿಡಿಸಿದ ನಕ್ಷೆಗಳನ್ನು ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದರೆ ಅದೂ ಸ್ವಂತದ್ದೇ. ಜನ ಸಾಮಾನ್ಯವಾಗಿ ಎಲ್ಲವನ್ನೂ ಒಟ್ಟಿಗೆ ನಕಲು ಮಾಡಲು ಹೊರಡುತ್ತಾರೆ, ಬಹಳ ಹೊತ್ತು ಹಿಡಿಯುತ್ತದೆ, ಮೂರನೆಯ ವಾರಕ್ಕೆ ಬೇಸತ್ತು ಬಿಡುತ್ತಾರೆ. ನಕ್ಷೆಗಳು ತೂಕದವು: ಉದ್ದಕ್ಕೆ 4000, ಅಗಲಕ್ಕೆ 3000 ಚುಕ್ಕೆಗಳ ಒಂದು ಚಿತ್ರವೆಂದರೆ 1.2 ಕೋಟಿ ಚುಕ್ಕೆ. ಚುಕ್ಕೆಗೆ 3 ಬೈಟ್‌ನಂತೆ, ಸಂಕೋಚಿಸದಿದ್ದರೆ 3.6 ಕೋಟಿ ಬೈಟ್. ಆದರೆ ಬಿಡಿಸಿ ಮುಗಿದ ನಕ್ಷೆ ವಾರವಾರ ಬದಲಾಗುವುದಿಲ್ಲ. ಅದನ್ನು ಒಮ್ಮೆ ನಕಲು ಮಾಡಿದರೆ ಸಾಕು. ವಾರವಾರ ಬದಲಾಗುವುದು ಕಥೆ.

ನಕಲು ಮಾಡುವಾಗ ತಂತ್ರಾಂಶವನ್ನು ಪೂರ್ತಿ ಮುಚ್ಚಬೇಕು. ಇದನ್ನು ಅನೇಕರು ಗಂಟುಮೋರೆಯ ನಿಯಮವೆಂದು ಭಾವಿಸುತ್ತಾರೆ. ಕಾರಣ ತಿಳಿದರೆ ಹಾಗೆನಿಸದು. 2023ರಲ್ಲಿ ಬಂದ 11ನೆಯ ಆವೃತ್ತಿಯಿಂದ ಫೌಂಡ್ರಿ ತನ್ನ ಮಾಹಿತಿಯನ್ನು ‘ಲೆವೆಲ್‌ಡಿಬಿ’ ಎಂಬ ವ್ಯವಸ್ಥೆಯಲ್ಲಿ ಇಡುತ್ತದೆ. ಅದು ಕಿರಾಣಿ ಅಂಗಡಿಯ ಲೆಕ್ಕದಂತೆ. ವ್ಯಾಪಾರವನ್ನು ಮೊದಲು ಕಚ್ಚಾ ಪುಸ್ತಕದಲ್ಲಿ ಗೀಚಿ, ಆಮೇಲೆ ಖಾತೆವಾರು ಪಕ್ಕಾ ಪುಸ್ತಕಗಳಿಗೆ ಏರಿಸುತ್ತಾರಲ್ಲ, ಹಾಗೆ. ಯಾವ ಪುಸ್ತಕ ಚಾಲ್ತಿಯಲ್ಲಿದೆ ಎಂದು ಹೇಳುವ ಒಂದು ಪಟ್ಟಿಯೂ ಜೊತೆಗಿರುತ್ತದೆ. ಏರಿಸುತ್ತಿರುವಾಗಲೇ ನಕಲು ಮಾಡಿದರೆ ಕಚ್ಚಾ ಪುಸ್ತಕ ಹತ್ತು ಗಂಟೆಯದು, ಪಕ್ಕಾ ಪುಸ್ತಕ ಹತ್ತೂವರೆಯದು, ಪಟ್ಟಿ ಇನ್ನಾವುದೋ ಗಳಿಗೆಯದು. ಒಂದೊಂದೂ ನೋಡಲು ಚೆನ್ನಾಗಿಯೇ ಇರುತ್ತದೆ, ಕೂಡಿಸಿದರೆ ತಾಳೆಯಾಗುವುದಿಲ್ಲ. ಬರೆಯುತ್ತಿರುವಾಗ ಕರೆಂಟು ಹೋದರೂ ಇಂಥದೇ ಅಪಾಯ. ಡೇಟಾ ಫೋಲ್ಡರನ್ನು ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ಗಳಂಥ ಸದಾ ಹೊಂದಿಸುತ್ತಲೇ ಇರುವ ಜಾಗದಲ್ಲಿ ನೇರವಾಗಿ ಇಡಬಾರದೆನ್ನುವುದೂ ಇದಕ್ಕೇ. ಮೇಲಾಗಿ ಅಲ್ಲಿ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಮುಚ್ಚಿದ ಮೇಲೆ ಜಿಪ್ ಮಾಡಿ, ಆ ಜಿಪ್ ಕಡತವನ್ನು ಅಲ್ಲಿಗೆ ಏರಿಸಲು ಅಡ್ಡಿಯಿಲ್ಲ.

ಕಡತಗಳನ್ನು ಅಚ್ಚುಕಟ್ಟು ಮಾಡುವ ಉತ್ಸಾಹದಲ್ಲೂ ಒಂದು ಗಂಡಾಂತರವಿದೆ. ಇಳಕಲ್ಲ ಸೀರೆಯ ಮೈಯೂ ಸೆರಗೂ ಬೇರೆ ಬೇರೆ ಹಾಸಿನವು. ‘ತೋಪ ತೆನಿ’ ಎಂಬ ವಿಧಾನದಲ್ಲಿ ನೇಕಾರರು ಮೈಯ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸುತ್ತಾರೆ. ಕುಣಿಕೆ ತಪ್ಪಿದರೆ ರೇಷ್ಮೆ ಎಷ್ಟು ಒಳ್ಳೆಯದಿದ್ದೂ ಸೆರಗು ನಿಲ್ಲದು. ಕಥೆಗೂ ನಕ್ಷೆಗೂ ಇರುವ ನಂಟು ಇಂಥದೇ. ಕಥೆಯ ಕಡತದೊಳಗೆ ನಕ್ಷೆ ಇರುವುದಿಲ್ಲ. ಯಾವ ಫೋಲ್ಡರು, ಯಾವ ಹೆಸರು ಎಂಬ ವಿಳಾಸ ಮಾತ್ರ ಇರುತ್ತದೆ. ವರ್ಷದ ಬಳಿಕ ಯಾರೋ ‘ಬಾದಾಮಿ’ ಫೋಲ್ಡರಿಗೆ ‘ವಾತಾಪಿ’ ಎಂದು ಹೊಸ ಹೆಸರಿಟ್ಟರೆ ಅಷ್ಟೂ ಕುಣಿಕೆಗಳು ಒಮ್ಮೆಲೇ ಬಿಚ್ಚಿಕೊಳ್ಳುತ್ತವೆ. ಆದ್ದರಿಂದ ಹೆಸರಿಡುವ ಶಾಸ್ತ್ರ ಮೊದಲ ದಿನವೇ ಆಗಬೇಕು. ಜಿಪ್ ಕಡತಗಳಿಗೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹೆಸರಿಟ್ಟರೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ‘ಹೊಸದು’, ‘ಕೊನೆಯದು’, ‘ನಿಜವಾಗಿ ಕೊನೆಯದು’ ಎಂಬ ಹೆಸರುಗಳಿಂದ ಆಗುವ ಫಜೀತಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಇನ್ನು ನಕಲನ್ನು ಎಲ್ಲಿಡಬೇಕು? ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗ ಎಂಬ ಸೂತ್ರ ಗಣಕ ಬಲ್ಲವರಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಕೊನೆಯದು ಈ ಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳನ್ನು ಬಿಟ್ಟು ನವನಗರಕ್ಕೆ ಬಂದವರಿದ್ದಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ನೀರು ನುಗ್ಗಿತು. ಹಿನ್ನೀರಿಗೆ ತಿಂಗಳುಗಳ ಮುನ್ಸೂಚನೆ ಇರುತ್ತದೆ, ನೆರೆಗೆ ಇರುವುದಿಲ್ಲ. ಗಣಕವೂ ಅದರ ನಕಲಿರುವ ಡಿಸ್ಕೂ ಒಂದೇ ಕಪಾಟಿನಲ್ಲಿದ್ದರೆ ನೀರಿಗೆ ಎರಡೂ ಒಂದೇ. ಇಳಕಲ್ಲಿನ ಪ್ರತಿ ಬೆಂಗಳೂರಿನ ಗೆಳೆಯನ ಬಳಿ ಇರಲಿ.

ರೋಲ್20ರಲ್ಲಿ ಆಡುವವರ ಕಥೆ ಕಂಪೆನಿಯ ಗಣಕದಲ್ಲೇ ಇರುವುದರಿಂದ ಡಿಸ್ಕ್ ಕೆಡುವ ಚಿಂತೆ ಕಡಿಮೆ. ಅವರೂ ನಕ್ಷೆಗಳ ಮೂಲವನ್ನು, ಟಿಪ್ಪಣಿಗಳನ್ನು ಮನೆಯಲ್ಲಿ ಬೇರೆಯಾಗಿ ಇಟ್ಟುಕೊಳ್ಳುವುದು ಲೇಸು.

ಫೌಂಡ್ರಿಯವರು ಹೊಸ ಆವೃತ್ತಿಗೆ ಹೋಗುವ ಮುನ್ನ ತಪ್ಪದೆ ನಕಲು ತೆಗೆಯಬೇಕು, ಏಕೆಂದರೆ ಹೊಸದರಲ್ಲಿ ತೆರೆದು ಬದಲಾದ ಕಥೆಯನ್ನು ಹಳೆಯದಕ್ಕೆ ಮರಳಿಸಲಾಗದು. ತಂತ್ರಾಂಶದ ಮತ್ತು ಸಿಸ್ಟಮ್‌ನ ಆವೃತ್ತಿ ಸಂಖ್ಯೆಗಳನ್ನು ಒಂದು ಚೀಟಿ ಕಡತದಲ್ಲಿ ಬರೆದು ಜಿಪ್‌ನೊಳಗೇ ಹಾಕಿಡಬೇಕು. ವರ್ಷಕ್ಕೆರಡು ಸಲವಾದರೂ ಆ ಪ್ರತಿಯನ್ನು ಬೇರೊಂದು ಗಣಕದಲ್ಲಿ ಬಿಚ್ಚಿ ನೋಡಬೇಕು. ಅಗಸ್ತ್ಯತೀರ್ಥದ ನಕ್ಷೆ ಮೂಡಿತೇ? ಕಾವಲುಗಾರ ಕಳೆದ ಭಾನುವಾರ ನಿಂತಿದ್ದ ಮೆಟ್ಟಿಲ ಮೇಲೆಯೇ ನಿಂತಿದ್ದಾನೆಯೇ? ಅವನ ಗುಟ್ಟು ಟಿಪ್ಪಣಿಯಲ್ಲಿ ಹಾಗೆಯೇ ಇದೆಯೇ? ಇದ್ದರೆ ಮುಂದಿನ ಭಾನುವಾರದ ದಾಳ ಉರುಳಿಸಬಹುದು.