ಪ್ರಮಾಣಪತ್ರ ಯಾರಿಗಾಗಿ, ಯಾತಕ್ಕಾಗಿ?

ವಾರಾಂತ್ಯದಲ್ಲಿ ಊರಿನಿಂದ ಬರುವ ಕರೆಗಳಲ್ಲಿ ಈಚೆಗೆ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. ಅಣ್ಣನ ಮಗನೋ ನೆರೆಮನೆಯವರ ಮಗಳೋ ಎಂಜಿನಿಯರಿಂಗ್ ಮುಗಿಸಿರುತ್ತಾರೆ. ಬೆಂಗಳೂರಿನ ಮಾರತ್ತಹಳ್ಳಿಯಲ್ಲೋ ಬಿಟಿಎಂ ಬಡಾವಣೆಯಲ್ಲೋ ಒಂದು ತರಬೇತಿ ಸಂಸ್ಥೆ 'ಕ್ಲೌಡ್' ಕಲಿಸುತ್ತೇವೆಂದು ಮುಂಗಡ ಕೇಳಿರುತ್ತದೆ. 'ಯಾವ ಸರ್ಟಿಫಿಕೇಟ್ ಮಾಡಿದರೆ ಅಲ್ಲಿ ಬೆಲೆ ಇದೆ, ನೀವೇ ಹೇಳಿ' ಎಂದು ಹಿರಿಯರು ಕೇಳುತ್ತಾರೆ. ಕೇಳುವವರ ದನಿಯಲ್ಲಿ ಆಸೆಯೂ ಇರುತ್ತದೆ, ಸಾಲ ಮಾಡಬೇಕಾದೀತೆಂಬ ಅಂಜಿಕೆಯೂ ಇರುತ್ತದೆ.

ಇದೇ ಪ್ರಶ್ನೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಕನ್ನಡಿಗರ ನಡುವೆಯೂ ಇದೆ. 1973ರಲ್ಲಿ ಹುಟ್ಟಿದ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಕಿವಿಗೆ ಬೀಳುವ ಮಾತುಗಳಲ್ಲಿ ಇದೂ ಒಂದು. 2022ರ ಕೊನೆಯಿಂದ ಒಂದರ ಹಿಂದೊಂದು ಬಂದ ಉದ್ಯೋಗ ಕಡಿತಗಳ ಬಳಿಕ ಕಾಯಂ ನೌಕರಿ ಬಿಟ್ಟು, ಅಥವಾ ಅದು ಕೈತಪ್ಪಿ, ಸ್ವತಂತ್ರವಾಗಿ ಕೆಲಸ ಹಿಡಿಯುವ ತಂತ್ರಜ್ಞರು ಹೆಚ್ಚು ಕಾಣಿಸುತ್ತಿದ್ದಾರೆ. ಅವರಿಗೆ ತರಬೇತಿಯ ವೆಚ್ಚ ಭರಿಸುವ ಕಂಪನಿಯಿಲ್ಲ. ಯಾವುದನ್ನು ಕಲಿಯಬೇಕೆಂದು ಹೇಳುವ ಮೇಲಧಿಕಾರಿಯೂ ಇಲ್ಲ. ಆಯ್ಕೆ ತಪ್ಪಿದರೆ ನಷ್ಟ ಪೂರ್ತಿಯಾಗಿ ಅವರದೇ.

ಮೊದಲು ವೀಸಾದ ಮಾತು

ಊರಿನ ಬಂಧುಗಳಿಗೆ ಒಂದು ಸಂಗತಿ ಸ್ಪಷ್ಟವಾಗಬೇಕು. ಅಮೆರಿಕದಲ್ಲಿ ಇರುವ ಎಲ್ಲರೂ ಸ್ವತಂತ್ರ ವೃತ್ತಿ ಮಾಡುವಂತಿಲ್ಲ. ಎಚ್‌-1ಬಿ ವೀಸಾದಲ್ಲಿರುವವರು ತಮಗಾಗಿ ಅರ್ಜಿ ಸಲ್ಲಿಸಿದ ಸಂಸ್ಥೆಗೆ ಮಾತ್ರ ದುಡಿಯಬಹುದು. ಶನಿವಾರ ರಾತ್ರಿ ಮನೆಯಲ್ಲಿ ಕುಳಿತು ಬೇರೊಬ್ಬರಿಗೆ ಸಂಭಾವನೆ ಪಡೆದು ಒಂದು ಜಾಲತಾಣ ಕಟ್ಟಿಕೊಟ್ಟರೂ ಅದು ನಿಯಮಭಂಗ. ಮುಂದೆ ಹಸಿರು ಕಾರ್ಡಿನ ಹಾದಿಗೂ ಅದು ಅಡ್ಡಿಯಾಗಬಹುದು. 'ಸಂಬಳ ಸಾಲದಿದ್ದರೆ ಬಿಡುವಿನಲ್ಲಿ ಇನ್ನೊಂದು ಕೆಲಸ ಹಿಡಿಯಬಾರದೇ' ಎಂದು ಕೇಳುವ ತಂದೆತಾಯಂದಿರು ಇದನ್ನು ತಿಳಿದಿರಬೇಕು. ಎಚ್‌-1ಬಿ ನೌಕರರು ಕಲಿಯಬಹುದು, ಪರೀಕ್ಷೆ ಬರೆಯಬಹುದು. ಆ ಕಲಿಕೆಯನ್ನು ಹೊರಗೆ ಮಾರುವಂತಿಲ್ಲ.

ವಿದ್ಯಾರ್ಥಿಗಳ ಸ್ಥಿತಿ ಬೇರೆ. ಪದವಿಯ ನಂತರ ಸಿಗುವ 12 ತಿಂಗಳ ಪ್ರಾಯೋಗಿಕ ತರಬೇತಿಯ ಅವಧಿಯಲ್ಲಿ ತಾವು ಓದಿದ ವಿಷಯಕ್ಕೆ ಸಂಬಂಧಿಸಿದ ಸ್ವಂತ ವೃತ್ತಿ ನಡೆಸಲು ಅವಕಾಶವಿದೆ. ವಿಜ್ಞಾನ ಮತ್ತು ತಂತ್ರಜ್ಞಾನ ಪದವೀಧರರಿಗೆ ದೊರೆಯುವ ಮುಂದಿನ 24 ತಿಂಗಳ ವಿಸ್ತರಣೆಯಲ್ಲಿ ಆ ಅವಕಾಶವಿಲ್ಲ. ಆಗ ತರಬೇತಿ ಯೋಜನೆಗೆ ಸಹಿ ಹಾಕುವ ಉದ್ಯೋಗದಾತರು ಇರಲೇಬೇಕು. ಹಸಿರು ಕಾರ್ಡ್ ಉಳ್ಳವರಿಗೆ, ಪೌರರಿಗೆ ನಿರ್ಬಂಧವಿಲ್ಲ.

ಇವೆರಡರ ನಡುವೆ ಇರುವವರು ಎಚ್‌-4 ವೀಸಾದ ಪತ್ನಿಯರು, ಕೆಲವೊಮ್ಮೆ ಪತಿಯರು. ಹಸಿರು ಕಾರ್ಡಿನ ಸಾಲಿನಲ್ಲಿ ನಿರ್ದಿಷ್ಟ ಹಂತ ತಲುಪಿದವರ ಸಂಗಾತಿಗಳಿಗೆ 2015ರ ಮೇ 26ರಿಂದ ಕೆಲಸದ ಪರವಾನಗಿ ಸಿಗುತ್ತಿದೆ. ಈ ಪರವಾನಗಿಯಲ್ಲಿ ನೌಕರಿಯನ್ನೂ ಮಾಡಬಹುದು, ಸ್ವತಂತ್ರ ವೃತ್ತಿಯನ್ನೂ ನಡೆಸಬಹುದು. ಆದರೆ 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ನವೀಕರಣದ ಅರ್ಜಿಗಳಿಗೆ ಹಿಂದಿದ್ದ ತಾನಾಗಿಯೇ ಅವಧಿ ವಿಸ್ತರಣೆಯಾಗುವ ಅನುಕೂಲ ನಿಂತುಹೋಗಿದೆ. ಹೊಸ ಕಾರ್ಡ್ ಕೈಸೇರುವುದು ತಡವಾದರೆ ಕೆಲಸ ನಿಲ್ಲಿಸಬೇಕಾಗುತ್ತದೆ. ಎರಡು ವರ್ಷ ಮಾತ್ರ ಬಾಳುವ ಪ್ರಮಾಣಪತ್ರಕ್ಕೆ ಹಣ ಕಟ್ಟುವ ಮುನ್ನ ಇವರು ತಮ್ಮ ಪರವಾನಗಿಯ ದಿನಾಂಕವನ್ನೊಮ್ಮೆ ನೋಡಿಕೊಳ್ಳುವುದು ಒಳಿತು.

ಇನ್ನೂ ಒಂದು ಮಾತು: ಯಾವ ಕ್ಲೌಡ್ ಪ್ರಮಾಣಪತ್ರವೂ ವೀಸಾ ತಂದುಕೊಡುವುದಿಲ್ಲ. ಎಚ್‌-1ಬಿಗೆ ಬೇಕಾದುದು ಸಂಬಂಧಪಟ್ಟ ವಿಷಯದ ಪದವಿ, ಅರ್ಜಿ ಸಲ್ಲಿಸುವ ಸಂಸ್ಥೆ ಮತ್ತು ವರ್ಷಕ್ಕೆ 85,000 ಸ್ಥಾನಗಳ ಮಿತಿಯಲ್ಲಿ ಆಯ್ಕೆಯಾಗುವ ಅದೃಷ್ಟ. 'ಈ ಕೋರ್ಸ್ ಮಾಡಿದರೆ ಅಮೆರಿಕ ಖಚಿತ' ಎಂದು ಹೇಳುವ ಸಂಸ್ಥೆಯ ಬಾಗಿಲಿನಿಂದ ಹಿಂದಿರುಗುವುದೇ ಮೇಲು.

ಕೇಳುವವರು ಯಾರು?

ಹಾಗಾದರೆ ಪ್ರಮಾಣಪತ್ರಕ್ಕೆ ಬೆಲೆಯೇ ಇಲ್ಲವೇ? ಇದೆ. ಆದರೆ ಅದು ಎಲ್ಲ ಬಾಗಿಲಿಗೂ ಹೊಂದುವ ಕೀಲಿಯಲ್ಲ.

ಸನ್ನಿವೇಲ್‌ನಲ್ಲಿ ನೆಲೆಸಿರುವ ಹಾಸನ ಮೂಲದ ಒಬ್ಬ ಹೆಣ್ಣುಮಗಳ ಅನುಭವವನ್ನು ಇಲ್ಲಿ ಹೇಳಬಹುದು. ಬೆಂಗಳೂರಿನಲ್ಲಿ ಆರು ವರ್ಷ ಸಾಫ್ಟ್‌ವೇರ್ ಪರೀಕ್ಷಕಿಯಾಗಿದ್ದ ಅವರು ಮದುವೆಯಾಗಿ ಬಂದ ಮೇಲೆ ಬಹುಕಾಲ ಮನೆಯಲ್ಲಿಯೇ ಉಳಿಯಬೇಕಾಯಿತು. ಕೆಲಸದ ಪರವಾನಗಿ ಬಂದ ಚಳಿಗಾಲದಲ್ಲಿ ಹಟ ಹಿಡಿದು ಮೂರು ಪ್ರಮಾಣಪತ್ರ ಗಳಿಸಿದರು. ಒಂದು ಕರೆಯೂ ಬರಲಿಲ್ಲ. ಕೊನೆಗೆ ಪರಿಚಿತರೊಬ್ಬರ ಸಣ್ಣ ಸರಕು ಸಾಗಣೆ ಕಂಪನಿಯಲ್ಲಿ ತಿಂಗಳ ಕ್ಲೌಡ್ ಬಿಲ್ಲು ಏಕೆ ಏರುತ್ತಿದೆಯೆಂದು ನೋಡಿಕೊಡುವ ಕೆಲಸ ಸಿಕ್ಕಿತು. ಯಾರೂ ಬಳಸದ ಸರ್ವರ್‌ಗಳನ್ನು ಗುರುತಿಸಿ ಮುಚ್ಚಿಸಿದರು. ಏನು ಮಾಡಿದೆ, ಎಷ್ಟು ಉಳಿಯಿತು ಎಂಬುದನ್ನು ಎರಡು ಪುಟದಲ್ಲಿ ಬರೆದಿಟ್ಟರು. ಎರಡನೆಯ ಕೆಲಸ ಆ ಎರಡು ಪುಟ ಓದಿದವರಿಂದ ಬಂತು. ಮೂರನೆಯದು ಒಂದು ಸಲಹಾ ಸಂಸ್ಥೆಯದು. ಅವರು ಮಾತ್ರ ಪ್ರಮಾಣಪತ್ರ ಕೇಳಿದರು, ಅದೂ ಮೂರರಲ್ಲಿ ಒಂದನ್ನು. ಉಳಿದೆರಡರ ಅವಧಿ ಯಾರ ಕಣ್ಣಿಗೂ ಬೀಳದೆ ಮುಗಿದುಹೋಯಿತು.

ಈ ಅನುಭವದಲ್ಲಿ ಮಾರುಕಟ್ಟೆಯ ರೀತಿಯೇ ಕಾಣುತ್ತದೆ. ಹೊಸ ಕಂಪನಿಯ ತಾಂತ್ರಿಕ ಮುಖ್ಯಸ್ಥರು ನಿಮ್ಮ ಹಿಂದಿನ ಕೆಲಸ ನೋಡುತ್ತಾರೆ, ಪರಿಚಿತರನ್ನು ವಿಚಾರಿಸುತ್ತಾರೆ. ಅವರೆದುರು ಬಿರುದಾವಳಿ ನಡೆಯದು. ಆದರೆ ಅಮೆಜಾನ್‌ನ ಎಡಬ್ಲ್ಯುಎಸ್‌ನಂತಹ ಕ್ಲೌಡ್ ಸೇವೆಗಳ ಪಾಲುದಾರ ಸಲಹಾ ಸಂಸ್ಥೆಗಳು ತಮ್ಮ ದರ್ಜೆ ಉಳಿಸಿಕೊಳ್ಳಲು ಇಂತಿಷ್ಟು ಮಂದಿ ಪ್ರಮಾಣಿತರನ್ನು ಇಟ್ಟುಕೊಳ್ಳಲೇಬೇಕು. ಅಲ್ಲಿ ಅದಕ್ಕೆ ನೇರ ಬೆಲೆಯಿದೆ. ರಕ್ಷಣಾ ಇಲಾಖೆಯ ಮಾಹಿತಿ ಭದ್ರತೆಯ ಹುದ್ದೆಗಳಿಗೆ ಸೆಕ್ಯುರಿಟಿ ಪ್ಲಸ್, ಸಿಐಎಸ್‌ಎಸ್‌ಪಿ ಮೊದಲಾದವು ನಿಗದಿತ ಅರ್ಹತೆಗಳ ಪಟ್ಟಿಯಲ್ಲಿವೆ. ಆದರೆ ಅಂಥ ಕೆಲಸಗಳಲ್ಲಿ ಬಹುಪಾಲಿಗೆ ಅಮೆರಿಕದ ಪೌರತ್ವವೂ ಬೇಕಾಗುತ್ತದೆ. ವೀಸಾದಲ್ಲಿರುವವರು ಅದರ ಹಿಂದೆ ಬೀಳುವ ಮುನ್ನ ಇದನ್ನು ಯೋಚಿಸಬೇಕು. ಬ್ಯಾಂಕು, ಆಸ್ಪತ್ರೆಗಳಂತಹ ದೊಡ್ಡ ಸಂಸ್ಥೆಗಳಲ್ಲಿ ಯೋಜನಾ ನಿರ್ವಹಣೆಗೆ ಪಿಎಂಪಿ ಕೇಳುವ ರೂಢಿಯಿದೆ.

ಆದ್ದರಿಂದ ಸರಿಯಾದ ಕ್ರಮ ಇದು: ಮೊದಲು ಯಾರಿಗೆ ಕೆಲಸ ಮಾಡಬೇಕೆಂದು ತೀರ್ಮಾನಿಸಿ, ಅಂಥವರ ಹತ್ತಿಪ್ಪತ್ತು ಪ್ರಕಟಣೆಗಳನ್ನು ಓದಿ, ಯಾವುದು ಮತ್ತೆ ಮತ್ತೆ ಬರುತ್ತದೆಯೋ ಅದನ್ನು ಆರಿಸಿಕೊಳ್ಳುವುದು. ನಮ್ಮಲ್ಲಿ ಬಹುಮಂದಿ ಇದನ್ನು ತಲೆಕೆಳಗು ಮಾಡುತ್ತಾರೆ.

ಬೆಲೆ, ಬಾಳಿಕೆ

ಎಡಬ್ಲ್ಯುಎಸ್‌ನ ಸಹಾಯಕ ದರ್ಜೆಯ ಪರೀಕ್ಷೆಗೆ 150 ಡಾಲರ್ ಶುಲ್ಕ, ಬಾಳಿಕೆ ಮೂರು ವರ್ಷ. ಗೂಗಲ್ ಕ್ಲೌಡ್‌ನ ವೃತ್ತಿಪರ ದರ್ಜೆಗೆ 200 ಡಾಲರ್, ಎರಡು ವರ್ಷ. ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ದರ್ಜೆಯವು ವರ್ಷಕ್ಕೊಮ್ಮೆ ನವೀಕರಣ ಬೇಡುತ್ತವೆ; ನವೀಕರಣ ಉಚಿತ, ಆನ್‌ಲೈನ್‌ನಲ್ಲೇ ಮುಗಿಯುತ್ತದೆ. ಪಿಎಂಪಿ ಉಳಿಸಿಕೊಳ್ಳಲು ಮೂರು ವರ್ಷದಲ್ಲಿ 60 ಅಂಕಗಳಷ್ಟು ಕಲಿಕೆಯ ದಾಖಲೆ ತೋರಿಸಬೇಕು. ಕುಬರ್ನೆಟಿಸ್ ನಿರ್ವಾಹಕರ ಪ್ರಮಾಣಪತ್ರದ ಬಾಳಿಕೆಯನ್ನು 2024ರ ಏಪ್ರಿಲ್‌ನಿಂದ ಮೂರು ವರ್ಷದ ಬದಲು ಎರಡಕ್ಕೆ ಇಳಿಸಲಾಯಿತು.

ಆದರೆ ಶುಲ್ಕ ನಿಜವಾದ ವೆಚ್ಚವಲ್ಲ. ಸ್ವತಂತ್ರ ವೃತ್ತಿಯವರಿಗೆ ಗಂಟೆಯೇ ಬಂಡವಾಳ. ಗಂಟೆಗೆ 80 ಡಾಲರ್ ಪಡೆಯುವವರು 100 ಗಂಟೆ ಓದಿನಲ್ಲಿ ಕಳೆದರೆ ಅದು 8,000 ಡಾಲರ್‌ನ ಕೆಲಸವನ್ನು ಬಿಟ್ಟಂತೆ. ಕೆಲಸವಿಲ್ಲದ ತಿಂಗಳಲ್ಲಿ ಓದುವುದು ಬೇರೆ, ಕೈಯಲ್ಲಿರುವ ಗಿರಾಕಿಯನ್ನು ಕಾಯಿಸಿ ಓದುವುದು ಬೇರೆ.

ಬಾಳಿಕೆಗೆ ಇನ್ನೊಂದು ಮುಖವಿದೆ. ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್‌ನ ಎಂಸಿಎಸ್‌ಇ ಎಂದರೆ ಮನೆಮಂದಿಯೆಲ್ಲ ಹೆಮ್ಮೆಪಡುವ ಹೆಸರಾಗಿತ್ತು. 2021ರ ಜನವರಿ 31ರಂದು ಆ ಕಂಪನಿ ಅದನ್ನು ನಿವೃತ್ತಿಗೊಳಿಸಿತು. ಪತ್ರ ಕೊಡುವವರೇ ಅದನ್ನು ಹಿಂದೆಗೆದುಕೊಳ್ಳಬಲ್ಲರು. ಜಾಲಬಂಧ ಹೇಗೆ ನಡೆಯುತ್ತದೆ, ದತ್ತಾಂಶವನ್ನು ಹೇಗೆ ಜೋಡಿಸಬೇಕು, ದೋಷವನ್ನು ಹೇಗೆ ಹುಡುಕಬೇಕು ಎಂಬ ಮೂಲಜ್ಞಾನವನ್ನು ಹಿಂದೆಗೆದುಕೊಳ್ಳಲು ಯಾರಿಂದಲೂ ಆಗದು. ಎಂಸಿಎಸ್‌ಇ ಕಾಲದಲ್ಲಿ ನಿಜವಾಗಿ ಕಲಿತವರು ಇಂದಿಗೂ ಕೆಲಸದಲ್ಲಿದ್ದಾರೆ.

ಪರೀಕ್ಷೆಯ ಸ್ವರೂಪವನ್ನೂ ಗಮನಿಸಬೇಕು. ಕುಬರ್ನೆಟಿಸ್ ಪರೀಕ್ಷೆಯಲ್ಲಿ ಆಯ್ಕೆಯ ಉತ್ತರಗಳಿಲ್ಲ. ಎರಡು ಗಂಟೆ ಕಾಲ ನಿಜವಾದ ವ್ಯವಸ್ಥೆಯ ಮುಂದೆ ಕುಳಿತು ಸಮಸ್ಯೆ ಬಿಡಿಸಬೇಕು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಕೆಲವು ಪತ್ರಗಳಿಗೆ ಅನುಭವವೇ ಮೊದಲ ಷರತ್ತು. ಸಿಐಎಸ್‌ಎಸ್‌ಪಿಗೆ ಐದು ವರ್ಷದ ಅನುಭವ ಬೇಕು, ಪದವಿ ಇದ್ದರೆ ಒಂದು ವರ್ಷ ವಿನಾಯಿತಿ. ನಾಲ್ಕು ವರ್ಷದ ಪದವಿಯಿದ್ದರೂ ಪಿಎಂಪಿಗೆ 36 ತಿಂಗಳು ಯೋಜನೆ ಮುನ್ನಡೆಸಿದ ದಾಖಲೆ ಬೇಕು. ಹೊಸದಾಗಿ ಕಾಲೇಜು ಮುಗಿಸಿದವರಿಗೆ ಇವನ್ನು ಮಾರಲು ಬರುವವರ ಉದ್ದೇಶ ಏನೆಂಬುದನ್ನು ಪೋಷಕರೇ ಊಹಿಸಬಹುದು.

ಕಲಿಸುವವರ ಅಂಗಡಿ

ಮೋಸಕ್ಕೆ ಊರೊಂದೇ ನೆಲೆಯಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಡೆವ್ ಬೂಟ್‌ಕ್ಯಾಂಪ್ ಕೆಲವು ತಿಂಗಳಲ್ಲಿ ಪ್ರೋಗ್ರಾಮರ್‌ಗಳನ್ನು ತಯಾರಿಸುವ ಹೊಸ ಬಗೆಯ ಶಾಲೆಗಳಿಗೆ ದಾರಿ ತೋರಿತು. 2017ರ ಕೊನೆಗೆ ಅದೇ ಬಾಗಿಲು ಮುಚ್ಚಿತು. ಲ್ಯಾಂಬ್ಡಾ ಸ್ಕೂಲ್ ಎಂದು ಹೆಸರಾಗಿ ಆಮೇಲೆ ಬ್ಲೂಮ್‌ಟೆಕ್ ಆದ ಸಂಸ್ಥೆಯ ಮೇಲೆ ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಮಂಡಳಿ 2024ರ ಏಪ್ರಿಲ್‌ನಲ್ಲಿ ಕ್ರಮ ಕೈಗೊಂಡಿತು. ವಿದ್ಯಾರ್ಥಿಸಾಲದ ನಿಜವಾದ ವೆಚ್ಚವನ್ನೂ ಉದ್ಯೋಗ ದೊರೆತವರ ಪ್ರಮಾಣವನ್ನೂ ಕುರಿತು ದಾರಿತಪ್ಪಿಸಿತೆಂಬುದು ಆರೋಪ. ಸಾಲ ನೀಡುವ ವ್ಯವಹಾರದಿಂದಲೇ ಅದನ್ನು ನಿಷೇಧಿಸಲಾಯಿತು. 'ಕೆಲಸ ಸಿಕ್ಕ ಮೇಲೆ ಹಣ ಕಟ್ಟಿ' ಎಂಬ ಮಾತೂ ಸಾಲದ ಮಾತೇ ಎಂಬುದನ್ನು ಆ ಪ್ರಕರಣ ನೆನಪಿಸುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ವೃತ್ತಿ ಶಿಕ್ಷಣ ಸಂಸ್ಥೆಗಳ ಮೇಲ್ವಿಚಾರಣೆಗೆ ರಾಜ್ಯದ ಪ್ರತ್ಯೇಕ ಕಚೇರಿಯಿದೆ. ಸೇರುವ ಮುನ್ನ ಸಂಸ್ಥೆಗೆ ಅದರ ಅನುಮತಿ ಇದೆಯೇ ಎಂದು ನೋಡುವುದು ಹತ್ತು ನಿಮಿಷದ ಕೆಲಸ. ಇದಕ್ಕಿಂತ ಮೊದಲು ಹತ್ತಿರದ ಸಮುದಾಯ ಕಾಲೇಜಿನತ್ತ ನೋಡಬೇಕು. ಕ್ಯೂಪರ್ಟಿನೋದ ಡಿ ಆನ್ಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳೆಂದು ಪರಿಗಣಿತರಾದವರಿಗೆ ಯೂನಿಟ್‌ಗೆ 31 ಡಾಲರ್ ಶುಲ್ಕ. ನಾಲ್ಕೂವರೆ ಯೂನಿಟ್‌ನ ಒಂದು ಕಂಪ್ಯೂಟರ್ ವಿಷಯ, ಇತರ ಸಣ್ಣ ಶುಲ್ಕಗಳನ್ನು ಬಿಟ್ಟರೆ, 140 ಡಾಲರ್‌ನೊಳಗೆ ಮುಗಿಯುತ್ತದೆ. ಅಲ್ಲಿ ಪ್ರಾಧ್ಯಾಪಕರಿದ್ದಾರೆ, ಸಹಪಾಠಿಗಳಿದ್ದಾರೆ; ಮುಂದೊಂದು ದಿನ ಕೆಲಸದ ಸುದ್ದಿ ಹೇಳುವವರು ಅವರೇ ಆಗಬಹುದು.

ಪರೀಕ್ಷೆಯ ಪ್ರಶ್ನೆಗಳನ್ನೇ ಕದ್ದು ಮಾರುವ 'ಡಂಪ್' ಹಾದಿಯನ್ನು ಹಲವರು ತಪ್ಪೆಂದೇ ಭಾವಿಸುವುದಿಲ್ಲ. ಅದು ಪರೀಕ್ಷಾ ಒಪ್ಪಂದದ ಉಲ್ಲಂಘನೆ. ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗುತ್ತದೆ. ಸಿಕ್ಕಿಬೀಳದಿದ್ದರೂ ಗಿರಾಕಿಯ ಮೊದಲ ಸಂಕಷ್ಟದಲ್ಲಿ ಬಣ್ಣ ಬಯಲಾಗುತ್ತದೆ. ಹಾಗೆ ಕೆಟ್ಟ ಹೆಸರು ನಂತರ ಬರುವ ಊರಿನ ಹುಡುಗರಿಗೂ ಅಂಟುತ್ತದೆ.

ತೆರಿಗೆಯ ಪಾಠ

ಸ್ವತಂತ್ರ ವೃತ್ತಿಯ ಆದಾಯ ಕೇಳಲು ದೊಡ್ಡದಾಗಿ ಕಾಣುತ್ತದೆ. ಮಾಮೂಲಿ ಆದಾಯ ತೆರಿಗೆಯಲ್ಲದೆ ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್‌ಗಾಗಿ 15.3 ಶೇಕಡಾ ದರದ ಸ್ವಯಂ ಉದ್ಯೋಗ ತೆರಿಗೆಯನ್ನು ತಾವೇ ಕಟ್ಟಬೇಕು. ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿಗಳಲ್ಲಿ ಕಂತು ಕಟ್ಟಬೇಕು. ಎಲ್‌ಎಲ್‌ಸಿ ಸ್ಥಾಪಿಸಿದರೆ ಕ್ಯಾಲಿಫೋರ್ನಿಯಾಕ್ಕೆ ವರ್ಷಕ್ಕೆ ಕನಿಷ್ಠ 800 ಡಾಲರ್. ಆರೋಗ್ಯ ವಿಮೆ ಬೇರೆ. ಇವೆಲ್ಲ ಕಳೆದು ಉಳಿದುದರಲ್ಲಿ ತರಬೇತಿಯ ಹಣ ಹುಟ್ಟಬೇಕು.

ತೆರಿಗೆ ನಿಯಮದಲ್ಲಿ ಒಂದು ವಿವೇಕದ ಮಾತು ಅಡಗಿದೆ. ಈಗಾಗಲೇ ನಡೆಸುತ್ತಿರುವ ವೃತ್ತಿಯ ಕೌಶಲವನ್ನು ಉಳಿಸಿ ಬೆಳೆಸುವ ಶಿಕ್ಷಣದ ವೆಚ್ಚವನ್ನು ಆದಾಯದಿಂದ ಕಳೆಯಬಹುದು; ಹೊಸ ವೃತ್ತಿಗೆ ಅರ್ಹತೆ ಗಳಿಸುವ ಶಿಕ್ಷಣದ್ದನ್ನು ಕಳೆಯುವಂತಿಲ್ಲ. ತರಬೇತಿಯ ಆಯ್ಕೆಗೂ ಇದು ಒಳ್ಳೆಯ ಅಳತೆಗೋಲು. ಈಗಿನ ಕೆಲಸಕ್ಕೆ ಹೊಂದಿಕೊಂಡಂತೆ ಒಂದು ಹೆಜ್ಜೆ ಮುಂದಿಡುವ ಕಲಿಕೆ ಬೇಗ ಫಲ ಕೊಡುತ್ತದೆ. ಪೂರಾ ಹೊಸ ದಾರಿ ಹಿಡಿಯುವುದು ತಪ್ಪಲ್ಲ. ಆದರೆ ಆರು ತಿಂಗಳ ಸಂಸಾರದ ಖರ್ಚನ್ನು ಮೊದಲು ಎತ್ತಿಟ್ಟುಕೊಂಡು ಹೊರಡಬೇಕು.

ಊರಿನ ಹಿರಿಯರಿಗೆ ನಮ್ಮ ವಿನಂತಿ ಇಷ್ಟೇ. ಮಕ್ಕಳು 'ಈ ಸರ್ಟಿಫಿಕೇಟಿಗೆ ದುಡ್ಡು ಬೇಕು' ಎಂದಾಗ ಬೇಡವೆನ್ನಬೇಡಿ. ಅದನ್ನು ಯಾರು ಕೇಳುತ್ತಾರೆ, ಎಷ್ಟು ವರ್ಷ ಬಾಳುತ್ತದೆ, ಪತ್ರ ಸಿಗದಿದ್ದರೂ ಕಲಿತದ್ದು ಉಳಿಯುತ್ತದೆಯೇ ಎಂದು ಮೂರು ಪ್ರಶ್ನೆ ಕೇಳಿ. ಉತ್ತರ ಹೇಳಬಲ್ಲ ಮಗನಿಗೋ ಮಗಳಿಗೋ ಧಾರಾಳವಾಗಿ ಕೊಡಿ. ತಡವರಿಸಿದರೆ ಒಂದು ತಿಂಗಳು ಕಾಯಿರಿ. ಇಲ್ಲಿ ನೆಲೆಸಿರುವ ನಾವೂ ಒಂದು ಕೆಲಸ ಮಾಡಬೇಕು: ಯಾವ ಪತ್ರ ನಮಗೆ ಉಪಯೋಗವಾಯಿತು, ಯಾವುದು ಗೋಡೆಯ ಮೇಲೇ ಉಳಿಯಿತು ಎಂಬುದನ್ನು ಊರಿಗೆ ಕರೆ ಮಾಡಿದಾಗ ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಗೆಲುವಿನ ಕಥೆಯನ್ನಷ್ಟೇ ಕೇಳಿ ಸಾಲ ಮಾಡುವ ಮನೆಗಳು ಇನ್ನೂ ಅಲ್ಲಿವೆ.