ಜ್ವಾಲಾಪುರಂ ಬೂದಿಯ ಸಾಕ್ಷಿ

ಮಾವಿನ ಹಣ್ಣಿಗೆ ಹೆಸರಾದ ಬನಗಾನಪಲ್ಲಿಯ ಹತ್ತಿರ, ಆಂಧ್ರದ ಜುರ್ರೇರು ಹೊಳೆಯ ಕಣಿವೆಯಲ್ಲಿ ಜ್ವಾಲಾಪುರಂ ಎಂಬ ಹಳ್ಳಿಯಿದೆ. ಅಲ್ಲಿನ ಜನ ನೆಲದಡಿಯಿಂದ ಬೆಳ್ಳಗಿನ ನುಣುಪು ಪುಡಿಯನ್ನು ಅಗೆದು ಮಾರುತ್ತಿದ್ದರು. ಅದು ತೊಳೆಯುವ ಪುಡಿಗಳಿಗೆ ಬೆರಕೆಯಾಗಿ ಹೋಗುತ್ತಿತ್ತು. ಒಲೆಯ ಬೂದಿಯಲ್ಲಿ ಪಾತ್ರೆ ಬೆಳಗಿದವರಿಗೆ ಇದರಲ್ಲಿ ಸೋಜಿಗವೇನಿಲ್ಲ. ಸೋಜಿಗವಿರುವುದು ಪುಡಿಯ ಹುಟ್ಟಿನಲ್ಲಿ. ಅದು ಏನೋ ಸುಟ್ಟು ಉಳಿದ ಬೂದಿಯಲ್ಲ, ಒಡೆದ ಗಾಜು. ಸುಮಾರು 74,000 ವರ್ಷಗಳ ಹಿಂದೆ, ಅಲ್ಲಿಂದ 2,600 ಕಿ.ಮೀ. ಆಚೆ ಸುಮಾತ್ರಾದಲ್ಲಿ ತೋಬಾ ಜ್ವಾಲಾಮುಖಿ ಸಿಡಿದಾಗ ಶಿಲಾಪಾಕದೊಳಗಿನ ಅನಿಲ ನೊರೆಗಟ್ಟಿತು, ನೊರೆಯ ಗುಳ್ಳೆಗಳು ಒಡೆದು ಚೂರಾದವು, ಆ ಚೂರುಗಳು ಗಾಳಿಯೇರಿ ಇಲ್ಲಿಗೆ ಬಂದು ಬಿದ್ದವು. ಊರಿನ ಹೆಸರಲ್ಲಿ ಜ್ವಾಲೆ ಸೇರಿಕೊಂಡಿರುವುದು ಕಾಕತಾಳೀಯವೇ ಇರಬೇಕು.

ಈ ಬೂದಿಮಳೆ ಆಗಿನ ಮನುಷ್ಯರನ್ನು ಏನು ಮಾಡಿತು ಎಂಬುದರ ಮೇಲೆ ಮೂರು ದಶಕಗಳಿಂದ ಜಗಳ ನಡೆದಿದೆ.

ಸರ್ವನಾಶದ ಪಕ್ಷದವರ ವಾದ ಸುಲಭವಾಗಿ ಮನಸ್ಸಿಗೆ ಹಿಡಿಸುತ್ತದೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಸಿಡಿಯಿತು. ಮರುವರ್ಷ ಯುರೋಪು, ಉತ್ತರ ಅಮೆರಿಕಗಳಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಕೈಕೊಟ್ಟಿತು. ತೋಬಾ ಕಕ್ಕಿದ್ದು ಅದರ ಹತ್ತಾರು ಪಟ್ಟು: ಹಳೆಯ ಲೆಕ್ಕದಲ್ಲೇ 2,800 ಘನ ಕಿ.ಮೀ. ಶಿಲಾಪಾಕ. ಸಿಡಿದು ಕುಸಿದ ಕುಳಿಯೇ ಇಂದು 100 ಕಿ.ಮೀ. ಉದ್ದ, 30 ಕಿ.ಮೀ. ಅಗಲದ ಸರೋವರ. ವರ್ಷಗಟ್ಟಲೆ ಉಳಿಯುವ 'ಜ್ವಾಲಾಮುಖಿ ಚಳಿಗಾಲ' ಬಂದಿರಬಹುದೆಂದು ಮೈಕಲ್ ರಾಂಪಿನೊ ಮತ್ತು ಸ್ಟೀಫನ್ ಸೆಲ್ಫ್ 1992ರಲ್ಲಿ ಬರೆದರು. 1998ರಲ್ಲಿ ಸ್ಟ್ಯಾನ್ಲಿ ಆಂಬ್ರೋಸ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಇಂದಿನ ಮನುಷ್ಯರ ವಂಶವಾಹಿಗಳಲ್ಲಿ ವೈವಿಧ್ಯ ಇಷ್ಟು ಕಡಿಮೆ ಏಕೆ? ತೋಬಾ ನಮ್ಮ ಪೂರ್ವಜರನ್ನು ಬೆರಳೆಣಿಕೆಯ ಸಾವಿರಗಳಿಗೆ ಇಳಿಸಿದ್ದರಿಂದ, ಎಂದರು. ಬೂದಿಯ ಕೆಳಗಿನ ಮತ್ತು ಮೇಲಿನ ಮಣ್ಣಿನ ಇಂಗಾಲವನ್ನು ಪರೀಕ್ಷಿಸಿದ ಮಾರ್ಟಿನ್ ವಿಲಿಯಮ್ಸ್ ತಂಡಕ್ಕೆ ಮಧ್ಯಭಾರತದಲ್ಲಿ ಕಾಡು ಹಿಂದೆ ಸರಿದು ಹುಲ್ಲುಗಾವಲು ಹರಡಿದ ಗುರುತು ಸಿಕ್ಕಿತು.

ಆದರೆ ಸೂರ್ಯನನ್ನು ವರ್ಷಗಟ್ಟಲೆ ಮರೆಮಾಡುವುದು ಬೂದಿಯಲ್ಲ. ಬೂದಿ ದಿನಗಳಲ್ಲಿ, ವಾರಗಳಲ್ಲಿ ನೆಲ ಸೇರುತ್ತದೆ. ಮೇಲೆ ಉಳಿಯುವುದು ಗಂಧಕ. ವಾಯುಮಂಡಲದ ಎತ್ತರದಲ್ಲಿ ಅದು ಆಮ್ಲದ ಸೂಕ್ಷ್ಮ ಹನಿಗಳಾಗಿ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಶಿಲಾಪಾಕ ನೂರು ಪಟ್ಟು ಬಂದರೆ ಗಂಧಕವೂ ನೂರು ಪಟ್ಟು ಬರಬೇಕೆಂಬ ನಿಯಮವಿಲ್ಲ. ತೋಬಾದ ಶಿಲಾಪಾಕದಲ್ಲಿ ಗಂಧಕ ಕಡಿಮೆಯೇ ಇತ್ತೆನ್ನುವ ಅಧ್ಯಯನಗಳಿವೆ. ಗಂಧಕ ಹೆಚ್ಚಿದ್ದರೂ ಹನಿಗಳು ಒಂದಕ್ಕೊಂದು ಕೂಡಿ, ದಪ್ಪವಾಗಿ, ಬೇಗ ಉದುರುತ್ತವೆ. ಈ ದಪ್ಪವಾಗುವಿಕೆಯನ್ನು ಲೆಕ್ಕಕ್ಕೆ ಹಿಡಿದ 2010ರ ಒಂದು ಜರ್ಮನ್ ಮಾದರಿಯಲ್ಲಿ ಜಗತ್ತು ತಣ್ಣಗಾದದ್ದು ಹೆಚ್ಚೆಂದರೆ ಮೂರೂವರೆ ಡಿಗ್ರಿ. ಅದರ ಹಿಂದಿನ ವರ್ಷದ ಅಮೆರಿಕನ್ ಮಾದರಿಗಳಲ್ಲಿ ಹತ್ತು ಡಿಗ್ರಿಯ ಆಸುಪಾಸು. ಒಂದೇ ಸ್ಫೋಟ, ಎರಡು ಲೋಕ.

ಈ ಜಗಳಕ್ಕೆ ಧಾರವಾಡವೂ ಸೇರಿದ್ದು ಜ್ವಾಲಾಪುರಂನಿಂದ. ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಆಗ ಕೇಂಬ್ರಿಡ್ಜ್‌ನಲ್ಲಿದ್ದ ಮೈಕಲ್ ಪೆಟ್ರಾಗ್ಲಿಯಾ ಅವರ ತಂಡ ಆ ಹಳ್ಳಿಯಲ್ಲಿ ಅಗೆದಾಗ ಬೂದಿಯ ಕೆಳಗೂ ಕಲ್ಲಿನ ಉಪಕರಣಗಳು ಸಿಕ್ಕವು, ಮೇಲೂ ಸಿಕ್ಕವು. ಕಲ್ಲಿನಿಂದ ಚಕ್ಕೆ ಎಬ್ಬಿಸಿದ ಕೈಚಳಕ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಹೇಳಿದ್ದು: ಜನ ಇಲ್ಲಿ ಉಳಿದುಕೊಂಡರು.

ಬೂದಿಯ ದಪ್ಪವೂ ಹೆದರಿಸುವಂಥದ್ದೇ, ಎರಡು ಮೀಟರಿಗೂ ಮಿಕ್ಕಿದೆ. ಇದನ್ನು ನೋಡಿ ದಕ್ಷಿಣ ಭಾರತವೆಲ್ಲ ಆಳುದ್ದ ಹೂತುಹೋಗಿತ್ತೆಂದು ತಿಳಿಯಬಾರದು. ಆಕಾಶದಿಂದ ನೇರ ಬಿದ್ದದ್ದು ತಳದ ನಾಲ್ಕೈದು ಸೆಂಟಿಮೀಟರು ಮಾತ್ರ. ಮಿಕ್ಕದ್ದು ಸುತ್ತಣ ಗುಡ್ಡಗಳಿಂದ ಮಳೆನೀರು ತೊಳೆದು ತಂದು ತುಂಬಿದ್ದು. ಹಾಗೆಂದು ನಾಲ್ಕು ಸೆಂಟಿಮೀಟರು ಕಡಿಮೆಯೂ ಅಲ್ಲ. ಹುಲ್ಲಿನ ಮೇಲೆ, ಕುಡಿಯುವ ಗುಂಡಿಯ ನೀರಲ್ಲಿ, ಮೇಯುವ ಜಿಂಕೆಯ ಹಲ್ಲಿನ ನಡುವೆ ಗಾಜಿನ ಪುಡಿ. ಬೇಟೆಯಾಡಿ ಬದುಕುವವರಿಗೆ ಆ ಮೊದಲ ಕೆಲವು ವರ್ಷ ಸುಖವಾಗಿರಲಾರದು.

ಈ 'ಕೆಲವು ವರ್ಷ'ಗಳೇ ಜ್ವಾಲಾಪುರಂನ ಸಾಕ್ಷಿಯ ಮಿತಿ. ಬೂದಿಯ ಕೆಳಗಿನ ಪದರದ ವಯಸ್ಸು 77,000, ಮೇಲಿನದು 74,000. ಆದರೆ ಎರಡಕ್ಕೂ ಆರೇಳು ಸಾವಿರ ವರ್ಷಗಳ ಹಿಂದುಮುಂದು ಇದೆ. ಬೂದಿ ಬಿದ್ದಾಗ ಕಣಿವೆ ಬರಿದಾಗಿ, ಮುನ್ನೂರು ವರ್ಷದ ಮೇಲೆ ಬೇರೆಡೆ ಬದುಕುಳಿದ ನೆಂಟರ ಮಕ್ಕಳು ಬಂದು ಅದೇ ಅಜ್ಜನ ಕೈಚಳಕದಲ್ಲಿ ಕಲ್ಲು ಕೆತ್ತಿದ್ದರೂ ಮಣ್ಣಿನಲ್ಲಿ ನಮಗೆ ಕಾಣುವುದು ಇದೇ ಚಿತ್ರ. ಮತ್ತೊಂದು ತಕರಾರು ಪಾಲ್ ಮೆಲ್ಲರ್ಸ್ ಅವರದು. 2013ರಲ್ಲಿ ಅವರೂ ಜೊತೆಗಾರರೂ ವಾದಿಸಿದಂತೆ ನಮ್ಮ ಪ್ರಭೇದದ ಮನುಷ್ಯರು ಭಾರತಕ್ಕೆ ಬಂದದ್ದೇ ತೋಬಾದ ನಂತರ. ಜ್ವಾಲಾಪುರಂನ ಕಲ್ಲುಗಳು ಬೇರಾವುದೋ ಪ್ರಾಚೀನ ಮಾನವರವು. ಅಲ್ಲಿನ ಈ ಪದರಗಳಲ್ಲಿ ಮನುಷ್ಯರ ಮೂಳೆ ಸಿಕ್ಕಿಲ್ಲವಾದ್ದರಿಂದ ಬರೀ ಕಲ್ಲನ್ನು ಮುಂದಿಟ್ಟು ಈ ಮಾತಿನ ಬಾಯಿ ಮುಚ್ಚಿಸುವಂತಿಲ್ಲ.

ಬೇರೆ ಕಡೆಯ ಸಾಕ್ಷಿಗಳು ಮಾತ್ರ ಒಂದೊಂದಾಗಿ ಆಂಬ್ರೋಸ್ ಅವರ ವಿರುದ್ಧ ನಿಂತಿವೆ. ಆಫ್ರಿಕಾದ ಮಲಾವಿ ಸರೋವರದ ಕೆಸರಿನಲ್ಲಿ 2013ರಲ್ಲಿ ತೋಬಾದ ಗಾಜು ಸಿಕ್ಕಿತು, ಅದರ ಅಕ್ಕಪಕ್ಕ ದೊಡ್ಡ ಚಳಿಯ ಗುರುತು ಸಿಗಲಿಲ್ಲ. ದಕ್ಷಿಣ ಆಫ್ರಿಕಾದ ಕರಾವಳಿಯ ಪಿನಕಲ್ ಪಾಯಿಂಟ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳ ಆಚೀಚೆಗೂ ಜನ ನೆಮ್ಮದಿಯಾಗಿ ಬಾಳಿದ್ದಾರೆ. ಮಧ್ಯಪ್ರದೇಶದ ಸೋನ್ ಕಣಿವೆಯ ಢಾಬಾದಲ್ಲಿ ಒಂದೇ ಬಗೆಯ ಉಪಕರಣಗಳು ಸುಮಾರು 80,000ದಿಂದ 65,000 ವರ್ಷಗಳ ಹಿಂದಿನವರೆಗೆ ಸಾಗಿ ಬರುತ್ತವೆ.

ಹೀಗಾಗಿ, ಮನುಕುಲ ಆಗ ಅಳಿವಿನಂಚಿಗೆ ಹೋಗಿತ್ತೆಂಬ ಮಾತನ್ನು ನಾನು ಇನ್ನು ನಂಬಲಾರೆ. ಆದರೆ ಭಾರತದಲ್ಲಿ ಏನೂ ಆಗಲಿಲ್ಲ ಎಂಬ ಮಾತಿಗೂ ಜ್ವಾಲಾಪುರಂ ಆಧಾರ ಕೊಡುವುದಿಲ್ಲ. ಆಫ್ರಿಕಾದ ಕರಾವಳಿಯಲ್ಲಿ ಚಿಪ್ಪುಮೀನು ತಿಂದು ಬದುಕಿದವರ ನೆಮ್ಮದಿ, ಬೂದಿಯ ನೇರ ದಾರಿಯಲ್ಲಿದ್ದ ಜುರ್ರೇರು ಕಣಿವೆಯವರಿಗೆ ಅನ್ವಯಿಸಬೇಕಿಲ್ಲ. ಬೂದಿ ಬಿದ್ದ ಮೇಲಿನ ಆ ಕೆಲವು ವರ್ಷಗಳ ಕತೆ ಇರುವುದು ತಳದ ನಾಲ್ಕೈದು ಸೆಂಟಿಮೀಟರಿನಲ್ಲಿ ಮತ್ತು ಅದರ ಮೇಲೆ ಕೂತ ಮೊದಲ ತೆಳು ಮಣ್ಣಿನಲ್ಲಿ. ಪಾತ್ರೆ ತಿಕ್ಕುವ ಪುಡಿಗೆಂದು ಅಗೆಯುತ್ತಿದ್ದ ಗುದ್ದಲಿಗೆ ಅದಕ್ಕೂ ಮೇಲಿನ ಎರಡು ಮೀಟರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.