ಗುಜರಿಗೆ ಹಾಕುವ ಮುನ್ನ

ಕಳೆದ ವರ್ಷ ನಮ್ಮ ಕುಟುಂಬದ ಒಂದು ಉಪನಯನಕ್ಕೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ಅಂಗಳದಲ್ಲಿ ಬಾಳೆಎಲೆಯ ಕಟ್ಟು, ಕೊಪ್ಪರಿಗೆಗಳನ್ನು ಇಳಿಸುತ್ತಿದ್ದ ನಮ್ಮ ಪಿಕಪ್ಪನ್ನು ಕಂಡು ನಕ್ಕುಬಿಟ್ಟ. "ಮೇಷ್ಟ್ರೇ, ಇದನ್ನಿನ್ನೂ ಗುಜರಿಗೆ ಹಾಕಿಲ್ವಾ? ಪರಿಸರದ ಪಾಠ ಮಾಡಿದೋರು ನೀವೇ ಹೀಗೆ ಹೊಗೆ ಬಿಡೋ ಗಾಡಿ ಇಟ್ಕೊಂಡ್ರೆ ಹೇಗೆ?" ಎಂದು ಕೇಳಿದ. ಸುತ್ತಲಿದ್ದವರೂ ನಕ್ಕರು. ಊಟದ ಹೊತ್ತಾಗಿದ್ದರಿಂದ ನಾನು ಉತ್ತರ ಕೊಡಲಿಲ್ಲ. ಕೊಡದೆ ಉಳಿದ ಉತ್ತರ ಅಂದಿನಿಂದ ನನ್ನನ್ನು ಕಾಡುತ್ತಿದೆ. ಅವನಂತೆಯೇ ಯೋಚಿಸುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರೆಂದು ಬಲ್ಲೆನಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಾಡಿಯ ಪರಿಚಯ. ಅಂದಿನ ಟೆಲ್ಕೋ ಕಂಪನಿ (2003ರಲ್ಲಿ ಅದರ ಹೆಸರು ಟಾಟಾ ಮೋಟಾರ್ಸ್ ಎಂದಾಯಿತು) ಹೊರತಂದ 207 ಪಿಕಪ್ಪಿನ ವಂಶಕ್ಕೆ ಸೇರಿದ್ದು ಇದು. ನನ್ನ ನಡುವಿನ ತಮ್ಮ 1999ರಲ್ಲಿ ಕೊಂಡ. ತೀರ್ಥಹಳ್ಳಿ ಸೀಮೆಯ ಏರುತಗ್ಗಿನ ರಸ್ತೆಗಳಲ್ಲಿ ಅಡಿಕೆ, ಗೊಬ್ಬರ, ಸೌದೆ, ಒಮ್ಮೊಮ್ಮೆ ಹೆರಿಗೆಯ ಹೆಂಗಸನ್ನೂ ಹೊತ್ತು ಇಪ್ಪತ್ತೆರಡು ವರ್ಷ ದುಡಿಯಿತು. 2021ರ ಹೊತ್ತಿಗೆ ಅದು ನಿಜಕ್ಕೂ ಸೋತಿತ್ತು. ಏರಿನಲ್ಲಿ ಕಪ್ಪು ಹೊಗೆ, ಬೆಳಿಗ್ಗೆ ಚಾಲೂ ಮಾಡಿದಾಗ ನೀಲಿ ಹೊಗೆ, ಬಾಗಿಲ ಕೆಳಗೆ ತುಕ್ಕು. ಆಗ ನಮ್ಮ ಮುಂದೆ ಎರಡು ದಾರಿಗಳಿದ್ದವು. ಗುಜರಿಗೆ ಕೊಟ್ಟು ಹೊಸದನ್ನು ತರುವುದು ಒಂದು. ಎಂಜಿನ್ ಇಳಿಸಿ ದುರಸ್ತಿ ಮಾಡಿಸುವುದು ಇನ್ನೊಂದು. ತಮ್ಮ ದುರಸ್ತಿಯನ್ನು ಆರಿಸಿದ. ಆಸ್ತಿ ಪಾಲಾದ ಮೇಲೆ ಪ್ರತ್ಯೇಕವಾಗಿರುವ ಕಿರಿಯ ತಮ್ಮನ ಮಗ, ತನ್ನ ಬಳಿಯಿದ್ದ ಅಂಥದೇ ಹಳೆಯ ಗಾಡಿಯನ್ನು ಮರುವರ್ಷ ಮಾರಿ ಹೊಸದನ್ನು ತಂದ. ಒಂದೇ ಊರು, ಒಂದೇ ಬೆಳೆ, ಒಂದೇ ರಸ್ತೆ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಾರದು.

ನಾನು ಗಣಿತದ ಮೇಷ್ಟ್ರು. ಆದ್ದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ. ನಮ್ಮ ಗಾಡಿಯ ಎಂಜಿನ್ ಕೆಲಸಕ್ಕೆ (ಲೈನರ್, ಪಿಸ್ಟನ್, ರಿಂಗು, ಬೇರಿಂಗು, ಕೂಲಿ ಸೇರಿ) 58,000 ರೂಪಾಯಿ, ಡೀಸೆಲ್ ಪಂಪು, ನಾಝಲ್‌ಗಳಿಗೆ 16,000, ಬ್ರೇಕು, ಕ್ಲಚ್ಚು, ಸ್ಟೇರಿಂಗಿಗೆ 24,000, ತಗಡಿನ ಕೆಲಸ ಮತ್ತು ಬಣ್ಣಕ್ಕೆ 30,000, ಟೈರುಗಳಿಗೆ 22,000. ಒಟ್ಟು ಒಂದೂವರೆ ಲಕ್ಷ. ತಮ್ಮನ ಮಗ ಹತ್ತು ಲಕ್ಷದ ಹೊಸ ಗಾಡಿಗೆ ಮುಂಗಡವಾಗಿ ಕಟ್ಟಿದ್ದೂ ಸರಿಯಾಗಿ ಒಂದೂವರೆ ಲಕ್ಷ! ಅಂದರೆ ನಮ್ಮ ಖರ್ಚು ಮುಗಿದಲ್ಲಿ ಅವನ ಖರ್ಚು ಆರಂಭವಾಯಿತು. ಉಳಿದ ಎಂಟೂವರೆ ಲಕ್ಷ ಸಾಲ. ಶೇಕಡಾ 11ರ ಬಡ್ಡಿ, ಅರವತ್ತು ಕಂತು, ತಿಂಗಳಿಗೆ ಸುಮಾರು ಹದಿನೆಂಟೂವರೆ ಸಾವಿರ. ಬಡ್ಡಿಯೊಂದೇ ಎರಡೂವರೆ ಲಕ್ಷ ಮೀರುತ್ತದೆ. ಆ ಬಡ್ಡಿಯ ಹಣದಲ್ಲಿ ಹಳೆಯ ಗಾಡಿಯನ್ನು ಪೂರ್ತಿ ದುರಸ್ತಿ ಮಾಡಿಸಿ ಇನ್ನೂ ಒಂದು ಲಕ್ಷ ಉಳಿಸಬಹುದಿತ್ತು.

"ಹೊಸದು ಮೈಲೇಜು ಹೆಚ್ಚು ಕೊಡುತ್ತದಲ್ಲ, ದೊಡ್ಡಪ್ಪಾ" ಎಂದು ಅವನು ವಾದಿಸಿದ. ನಿಜ, ಕೊಡುತ್ತದೆ. ನಮ್ಮದು ಲೀಟರಿಗೆ ಹನ್ನೊಂದು ಕಿಲೋಮೀಟರ್, ಅವನದು ಹದಿನಾಲ್ಕು. ಆದರೆ ನಮ್ಮಂಥ ತೋಟದವರ ಗಾಡಿ ವರ್ಷಕ್ಕೆ ಓಡುವುದು ಆರು ಸಾವಿರ ಕಿಲೋಮೀಟರ್. ಉಳಿಯುವ ಡೀಸೆಲ್ ಸುಮಾರು 117 ಲೀಟರ್. ಲೀಟರಿಗೆ ತೊಂಬತ್ತು ರೂಪಾಯಿಯಂತೆ ಹತ್ತೂವರೆ ಸಾವಿರ. ಇಡೀ ವರ್ಷದ ಉಳಿತಾಯ ಒಂದು ತಿಂಗಳ ಕಂತಿಗೂ ಸಾಲದು.

ಕಂತಿಗೆ ಮಳೆ ತಿಳಿಯದು, ರೋಗ ತಿಳಿಯದು. ಅವನು ಗಾಡಿ ತಂದ 2022ರಲ್ಲೇ ಮಲೆನಾಡಿನ ತೋಟಗಳಲ್ಲಿ ಎಲೆಚುಕ್ಕೆ ರೋಗ ತೀವ್ರವಾಯಿತು. ಅಡಿಕೆ ಮರದ ಹೆಡಲುಗಳು ಸುಟ್ಟಂತೆ ಒಣಗಿದವು, ಫಸಲು ಕುಸಿಯಿತು. ಎರಡು ಕಂತು ತಪ್ಪಿದ ಮೇಲೆ ಸಾಲ ಕೊಟ್ಟವರ ಕಡೆಯ ಇಬ್ಬರು ಹುಡುಗರು ಬಂದು ಅಂಗಳದಲ್ಲಿ ನಿಂತು ಏರುದನಿಯಲ್ಲಿ ಮಾತನಾಡಿ ಹೋದರು. ಅಂದು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಮಾರನೆಯ ದಿನ ಆ ಮನೆಯ ಸೊಸೆಯ ಬಳೆಗಳು ಸೊಸೈಟಿಯ ತಿಜೋರಿ ಸೇರಿದವು. ಅವು ಇನ್ನೂ ಅಲ್ಲಿಯೇ ಇವೆ. ಇದನ್ನು ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ.

ಈಗ ಹೊಗೆಯ ಪ್ರಶ್ನೆ. ಇಲ್ಲಿ ನನ್ನ ವಿದ್ಯಾರ್ಥಿಯ ಆಕ್ಷೇಪಣೆ ಹಗುರವಾದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದೆಂದು ಖಚಿತವಾಗಿ ವರ್ಗೀಕರಿಸಿದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಗಾಡಿಗಳು ಹಳೆಯವಕ್ಕಿಂತ ಬಹುಪಾಲು ಶುದ್ಧ. ಡೀಸೆಲ್ ಕಾರುಗಳನ್ನೇ ತೆಗೆದುಕೊಂಡರೆ, ಕಿಲೋಮೀಟರಿಗೆ ಹೊರಬಿಡಬಹುದಾದ ಮಸಿಯ ಮಿತಿ ಬಿ.ಎಸ್. 4ರಲ್ಲಿ 0.025 ಗ್ರಾಂ ಇದ್ದದ್ದು 0.0045ಕ್ಕೆ ಇಳಿಯಿತು. ದುರಸ್ತಿ ಮಾಡಿದ ಮಾತ್ರಕ್ಕೆ ನಮ್ಮ 207 ಆ ಮಟ್ಟಕ್ಕೆ ಬರುತ್ತದೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ರಸ್ತೆಯಂಚಿನ ಶಾಲೆಯಲ್ಲಿ ಪಾಠ ಮಾಡಿದವನು ನಾನು. ಲಾರಿ ಹೋದಾಗಲೆಲ್ಲ ಕಿಟಕಿ ಮುಚ್ಚುತ್ತಿದ್ದುದು ನಿಮಗೂ ನೆನಪಿರಬೇಕು.

ಆದರೆ ಹಳೆಯ ಗಾಡಿಗಳೆಲ್ಲ ಒಂದೇ ತರಹ ಹೊಗೆ ಬಿಡುವುದಿಲ್ಲ. ಕಪ್ಪು ಹೊಗೆಯೆಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ: ನಾಝಲ್ ಸೋರುತ್ತಿದೆ, ಪಂಪಿನ ಅಳತೆ ತಪ್ಪಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ನೀಲಿ ಹೊಗೆಯೆಂದರೆ ರಿಂಗು ಸವೆದು ಎಂಜಿನ್ ಆಯಿಲ್ ಉರಿಯುತ್ತಿದೆ. ಚಾಲೂ ಮಾಡಿದ ಬಹಳ ಹೊತ್ತಿನ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಅಥವಾ ನೀರು ಒಳಗೆ ಸೇರುತ್ತಿದೆ. ಮೂರಕ್ಕೂ ಮದ್ದಿದೆ. ಬಿ.ಎಸ್. 4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಹೊಗೆ ತಪಾಸಣೆಯಲ್ಲಿ ಕಾನೂನು ಕೊಟ್ಟಿರುವ ಮಿತಿ 65 ಹಾರ್ಟ್ರಿಜ್ ಮಾನ. ದುರಸ್ತಿಯ ನಂತರ ನಮ್ಮದು 38 ತೋರಿಸಿತು. ಅದಕ್ಕೂ ಮುನ್ನ ಅದೇ ಗಾಡಿ ಕೈಬಿಸಿ ಮಾಡದೆ ಪಾಸಾಗುವ ಸ್ಥಿತಿಯಲ್ಲಿರಲಿಲ್ಲವೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ನಮ್ಮ ರಸ್ತೆಗಳ ನಿಜವಾದ ವೈರಿ ಆ ಕೈಬಿಸಿ. ಗಾಡಿಯನ್ನು ನೋಡದೆಯೇ ಕೊಡುವ ಹೊಗೆ ಪತ್ರ ಇರುವವರೆಗೆ ಹಳತನ್ನು ದೂರಿ ಫಲವಿಲ್ಲ. ನಿರ್ವಹಣೆ ಕಾಣದ ಹೊಸದೂ ನಾಳೆ ಹೊಗೆ ಬಿಡುತ್ತದೆ.

ಹೊಸ ಗಾಡಿಯ ಶುದ್ಧತೆಗೂ ಷರತ್ತಿದೆ. ಅದರ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಜಾಲರಿ ಇರುತ್ತದೆ. ತುಂಬಿದ ಮಸಿಯನ್ನು ಆಗಾಗ್ಗೆ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟುಕೊಳ್ಳಬೇಕು. ಅದಕ್ಕೆ ಗಾಡಿ ಒಂದಷ್ಟು ಹೊತ್ತು ಬಿಡದೆ ವೇಗವಾಗಿ ಓಡಬೇಕು. ಹೆದ್ದಾರಿಯಲ್ಲಿ ಓಡುವವನಿಗೆ ಇದು ತೊಂದರೆಯೇ ಅಲ್ಲ. ಮನೆಯಿಂದ ತೋಟಕ್ಕೆ ಎರಡು ಮೈಲಿ, ತೋಟದಿಂದ ಸೊಸೈಟಿಗೆ ನಾಲ್ಕು ಮೈಲಿ ಎಂದು ಎರಡನೆಯ ಗೇರಿನಲ್ಲಿ ತೆವಳುವವನಿಗೆ ಇದು ಬವಣೆ. 2023ರ ಶ್ರಾವಣದಲ್ಲಿ ತಮ್ಮನ ಮಗನ ಗಾಡಿಯಲ್ಲಿ ದೀಪ ಹೊತ್ತಿತು. ಅದರ ಅರ್ಥವನ್ನು ಮಾರಿದವರು ಅವನಿಗೆ ತಿಳಿಸಿರಲಿಲ್ಲ. ನಾಲ್ಕು ದಿನದ ಮೇಲೆ, ಗೊಬ್ಬರದ ಮೂಟೆಗಳೊಂದಿಗೆ ಏರು ಹತ್ತುವಾಗ ಎಂಜಿನ್ನಿನ ಶಕ್ತಿ ತಾನೇ ಕುಗ್ಗಿ ಗಾಡಿ ನಿಂತಿತು. ಸುರಿವ ಮಳೆಯಲ್ಲಿ ಅದನ್ನು ಶಿವಮೊಗ್ಗಕ್ಕೆ ಎಳೆದೊಯ್ದದ್ದು ಯಾವುದರಲ್ಲಿ ಬಲ್ಲಿರಾ? ನೀವು ನಕ್ಕ ಆ ಹಳೆಯ 207ರಲ್ಲಿ.

ದಾರಿಯಲ್ಲಿ ಸಿಗುವ ಗ್ಯಾರೇಜಿನಲ್ಲಿ ಮೊದಲು ತೋರಿಸಿದ್ದರು. ಆ ಗ್ಯಾರೇಜಿನವನೂ ನನ್ನ ವಿದ್ಯಾರ್ಥಿಯೇ. ಬಾನೆಟ್ ಎತ್ತಿ ನೋಡಿ, "ಮೇಷ್ಟ್ರೇ, ಇದರ ಕಾಯಿಲೆ ಇದರ ಕಂಪ್ಯೂಟರಿಗೇ ಗೊತ್ತು. ಅದು ಮಾತಾಡೋದು ಕಂಪನಿಯವರ ಹತ್ರ ಮಾತ್ರ" ಎಂದ. ಇವನ ಬಗ್ಗೆ ಒಂದು ಮಾತು ಹೇಳಲೇಬೇಕು. ಏಳನೆಯ ತರಗತಿಯಲ್ಲಿ ಎರಡು ಬಾರಿ ಉಳಿದ ಹುಡುಗ. ಭಿನ್ನರಾಶಿ ಬಾರದ ಅವನನ್ನು ತರಗತಿಯೆದುರು ನಿಲ್ಲಿಸಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. 2021ರಲ್ಲಿ ಅವನು ನಮ್ಮ ಗಾಡಿಯ ಮೈಕೋ ಪಂಪನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಜೋಡಿಸುವುದನ್ನು ಬೆಂಚಿನ ಮೇಲೆ ಕುಳಿತು ನೋಡಿದೆ. ಬೆಂಗಳೂರಿನ ಮೈಕೋ ಕಾರ್ಖಾನೆ (1951ರಲ್ಲಿ ಸ್ಥಾಪನೆಯಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು) ನಾಡಿನ ತುಂಬ ಹಬ್ಬಿಸಿದ ವಿದ್ಯೆ ಅದು. ಮಿಲಿಮೀಟರಿನ ನೂರನೆಯ ಒಂದು ಭಾಗ ಎಂದರೇನೆಂಬುದು ಅವನ ಬೆರಳುಗಳಿಗೆ ತಿಳಿದಿತ್ತು. ಭಿನ್ನರಾಶಿ ಬಾರದವನು ಅವನಾಗಿರಲಿಲ್ಲ. ಕಲಿಸಲು ಬಾರದವನು ನಾನಾಗಿದ್ದೆ. ಇಂಥವರ ಕೈಗೆ ಕೆಲಸವಿಲ್ಲದಂತೆ ಮಾಡಿ, ಆಮೇಲೆ ಹಳ್ಳಿಯ ಹುಡುಗರಿಗೆ ಕೌಶಲವಿಲ್ಲವೆಂದು ಭಾಷಣ ಮಾಡುವುದು ನಮ್ಮ ಕಾಲದ ದೊಡ್ಡ ಕಪಟ.

ಸರ್ಕಾರದ ನಡೆಯೂ ನನಗೆ ಅರ್ಥವಾಗುವುದಿಲ್ಲ. 2021ರ ಆಗಸ್ಟಿನಲ್ಲಿ ಚಾಲನೆಗೊಂಡ ಗುಜರಿ ನೀತಿಯು ಗಾಡಿಯನ್ನು ಅದರ ಸ್ಥಿತಿ ನೋಡಿ ತೀರ್ಮಾನಿಸಬೇಕೆನ್ನುತ್ತದೆ. ಶುಲ್ಕದ ಪಟ್ಟಿ ಮಾತ್ರ ವಯಸ್ಸನ್ನು ನೋಡುತ್ತದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. ಸಾಗಣೆ ವಾಹನಗಳ ಎಫ್.ಸಿ. ಶುಲ್ಕವೂ ಹಾಗೆಯೇ ಏರಿತು. ಎಂಟು ವರ್ಷ ದಾಟಿದ ಸಾಗಣೆ ವಾಹನವನ್ನು ಹೇಗೂ ಪ್ರತಿವರ್ಷ ತಪಾಸಣೆಗೆ ಒಯ್ಯಬೇಕು. ಆ ತಪಾಸಣೆ ಪ್ರಾಮಾಣಿಕವಾಗಿದ್ದರೆ ವಯಸ್ಸಿಗೆ ದಂಡವೇಕೆ? ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್ ಗಾಡಿಗಳನ್ನು ನಿಲ್ಲಿಸುವಂತೆ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿನ ಗಾಳಿಗೆ ಆ ಮದ್ದು ಬೇಕಿತ್ತೇನೋ. ಅದೇ ಮದ್ದನ್ನು ಆಗುಂಬೆಗೂ ಕುಡಿಸಬೇಕೆನ್ನುವುದು ವೈದ್ಯವಲ್ಲ.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾನು ವಾದಿಸುತ್ತಿಲ್ಲ. ಚಾಸಿಸ್ಸಿಗೇ ತುಕ್ಕು ಹಿಡಿದಿದ್ದರೆ ಆ ಗಾಡಿಯನ್ನು ಗುಜರಿಗೇ ಹಾಕಬೇಕು. ಪುಟ್ಟಿ ಮೆತ್ತಿ ಬಣ್ಣ ಬಳಿದು ಮಾರುವುದು ದುರಸ್ತಿಯಲ್ಲ, ವಂಚನೆ. ಪೇಟೆಯ ಜನಸಂದಣಿಯಲ್ಲಿ ದಿನಕ್ಕೆ ನೂರು ಕಿಲೋಮೀಟರ್ ಓಡಿಸುವವರು ಹೊಸದನ್ನೇ ಕೊಳ್ಳಲಿ. ಅವರ ಗಾಡಿಯ ಹೊಗೆ ಸಾವಿರಾರು ಜನರ ಶ್ವಾಸ ಸೇರುತ್ತದೆ, ಅವರ ದುಡಿಮೆ ಕಂತನ್ನೂ ತಾಳುತ್ತದೆ. ಅಪಘಾತದಲ್ಲಿ ಹೊಸ ಗಾಡಿ ಹೆಚ್ಚು ಕಾಪಾಡುತ್ತದೆ ಎಂಬುದನ್ನೂ ಅಲ್ಲಗಳೆಯಲಾರೆ. ಆದಕಾರಣವೇ ನಮ್ಮ ಖರ್ಚಿನಲ್ಲಿ ಬ್ರೇಕು, ಸ್ಟೇರಿಂಗುಗಳಿಗೆ ಬಣ್ಣಕ್ಕಿಂತ ಮೊದಲ ಸ್ಥಾನ ಕೊಟ್ಟೆವು.

ನಾನು ಕೇಳುವುದು ಇಷ್ಟೆ. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಓಡಿಸುವ ಸಣ್ಣ ರೈತ, ಗಟ್ಟಿಯಾದ ಚಾಸಿಸ್ಸಿರುವ ತನ್ನ ಗಾಡಿಯನ್ನು ಮಾರುವ ಮುನ್ನ ಒಮ್ಮೆ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಲಿ. ಹೊಗೆ ತಪಾಸಣೆ ನಿಜವಾಗಲಿ, ಶುಲ್ಕ ಸ್ಥಿತಿಯನ್ನು ನೋಡಲಿ. ಹೊಸ ಗಾಡಿಯ ಕಂಪ್ಯೂಟರಿನೊಂದಿಗೆ ಮಾತಾಡುವ ಸಾಧನ, ಕೈಪಿಡಿಗಳು ನಮ್ಮ ಗ್ಯಾರೇಜುಗಳಿಗೂ ಕೈಗೆಟುಕುವ ಬೆಲೆಗೆ ಸಿಗಲಿ. ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ದುರಸ್ತಿಯ ಹಕ್ಕು' ಎಂಬ ಜಾಲತಾಣ ತೆರೆದು, ವಾಹನಗಳನ್ನೂ ಅದರಲ್ಲಿ ಸೇರಿಸಿತು. ಆ ಹಕ್ಕು ಹಳ್ಳಿಯ ರಸ್ತೆಬದಿಯವರೆಗೂ ಇಳಿದು ಬರಬೇಕು. ನಿಮ್ಮಲ್ಲಿ ಕೆಲವರು ವಾಹನ ಕಂಪನಿಗಳಲ್ಲಿಯೇ ದೊಡ್ಡ ಹುದ್ದೆಯಲ್ಲಿದ್ದೀರಿ. ನಿಮ್ಮ ಜೊತೆ ಒಂದೇ ಬೆಂಚಿನಲ್ಲಿ ಕುಳಿತವನು ಇಲ್ಲಿ ಬಾನೆಟ್ ಎತ್ತಿ ಅಸಹಾಯಕನಾಗಿ ನಿಂತಿದ್ದಾನೆ ಎಂಬುದನ್ನು ನೆನೆಯಿರಿ.

ಒಪ್ಪದವರು ಬರೆಯಿರಿ, ಲೆಕ್ಕ ಸಮೇತ ಬರೆಯಿರಿ. ಬರಿಯ ಉತ್ತರಕ್ಕೆ ನಾನು ಅಂದೂ ಪೂರ್ಣಾಂಕ ಕೊಟ್ಟವನಲ್ಲ. ಬಿಡಿಸಿದ ಕ್ರಮವನ್ನೂ ನೋಡುತ್ತಿದ್ದೆ. ನಾಳೆ ತಮ್ಮನ ಮಗ ನಮ್ಮ 207ನ್ನು ಕೇಳಿದ್ದಾನೆ, ಅಡಿಕೆಯನ್ನು ಶಿವಮೊಗ್ಗಕ್ಕೆ ಒಯ್ಯಲು. ಈ ಫಸಲಿನ ಹಣದಲ್ಲಿ ಬಳೆ ಬಿಡಿಸಿಕೊಳ್ಳಬೇಕೆಂಬುದು ಅವನ ಆಸೆ.